ಹೊಳೆಯ ಪರವಾಗಿ ಕೋರ್ಟಿಗೆ ಹೋದವರು

ಇಂಗ್ಲೆಂಡಿನ ಡರ್ಬಿಶೈರಿನ ಹೊಳೆಗಳ ಪಕ್ಕ ಓಡಾಡಿದವರೆಲ್ಲ ಆ ಹಲಗೆಯನ್ನು ನೋಡಿರುತ್ತಾರೆ. ಬೇಲಿಯ ಗೂಟಕ್ಕೋ ಮರದ ಬೊಡ್ಡೆಗೋ ಮೊಳೆ ಹೊಡೆದಿರುತ್ತಾರೆ: ಇಲ್ಲಿ ಮೀನು ಹಿಡಿಯುವ ಹಕ್ಕು ಖಾಸಗಿ, ಸದಸ್ಯರಿಗೆ ಮಾತ್ರ. ದಂಡೆಯ ಕಾಲುದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು, ಕೂತು ಬುತ್ತಿ ಬಿಚ್ಚಬಹುದು. ಗಾಳ ಮಾತ್ರ ನೀರಿಗೆ ಬೀಳುವಂತಿಲ್ಲ. ಈ ಕಡೆ ಬಂದು ನೆಲೆಸಿದ ಹೊಸದರಲ್ಲಿ ಆ ಹಲಗೆ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಇಲ್ಲಿಯ ಹೊಳೆಗಳ ಚರಿತ್ರೆಯನ್ನು ಓದುತ್ತಾ ಹೋದೆ. ಸಿಟ್ಟು ಪೂರ್ತಿ ಹೋಗಲಿಲ್ಲ. ಅದರ ಜೊತೆಗೆ ಇನ್ನೊಂದು ಭಾವನೆಯೂ ಬಂದು ಸೇರಿಕೊಂಡಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಹೇಗೆ ಎಂಬುದು ಬಹಳ ದಿನದಿಂದ ಕಾಡುತ್ತಿದೆ.

ಒಂದು ಮೇ ತಿಂಗಳಲ್ಲಿ ಊರಿನಿಂದ ಬಂದಿದ್ದ ಗೆಳೆಯನನ್ನು ಡವ್‌ಡೇಲ್ ಕಣಿವೆಗೆ ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಕಡೆಯವನು, ತುಂಗೆಯ ದಂಡೆಯಲ್ಲಿ ಗಾಳ ಹಾಕಿಕೊಂಡೇ ಬೆಳೆದವನು. ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಡವ್ ನದಿ ಹರಿಯುತ್ತದೆ. ನೀರು ಎಷ್ಟು ತಿಳಿ ಎಂದರೆ ತಳದ ಜಲ್ಲಿಕಲ್ಲು ಒಂದೊಂದೂ ಕಾಣುತ್ತದೆ. ಸೇತುವೆಯ ಮೇಲೆ ನಿಂತು ಅವನೇ ಮೊದಲು ಟ್ರೌಟ್ ಮೀನನ್ನು ನೋಡಿದ. ಹರಿವಿಗೆ ಎದುರಾಗಿ, ಇದ್ದಲ್ಲೇ ನಿಂತು, ಬಾಲವನ್ನಷ್ಟೇ ಆಡಿಸುತ್ತಿತ್ತು. ಕಂದು ಮೈ, ಅದರ ಮೇಲೆ ಕಪ್ಪು ಮತ್ತು ಕೆಂಪು ಚುಕ್ಕಿ. ಅದು ಮೇಫ್ಲೈ ಹುಳು ರೆಕ್ಕೆ ಬಿಚ್ಚಿಕೊಂಡು ನೀರಿನಿಂದ ಮೇಲೇಳುವ ಕಾಲ. ಒಂದು ಹುಳು ತೇಲಿಬಂದರೆ ಮೀನು ಮೆಲ್ಲಗೆ ಮೇಲೆ ಬಂದು ಅದನ್ನು ಹೀರಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಗೆಳೆಯನ ಕೈ ತನ್ನಷ್ಟಕ್ಕೆ ಆಡತೊಡಗಿತು. ಅಷ್ಟರಲ್ಲಿ ಹಲಗೆ ಕಣ್ಣಿಗೆ ಬಿತ್ತು. ಓದಿ ನನ್ನ ಕಡೆ ತಿರುಗಿದ. "ಅಲ್ಲ ಮಾರಾಯ, ಹರಿಯೋ ನೀರಿಗೂ ಯಜಮಾನ ಇರ್ತಾನಾ?"

ಸ್ವಲ್ಪ ಕೆಳಗೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಒಬ್ಬರು ನಿಂತಿದ್ದರು. ಗರಿ ಮತ್ತು ದಾರದಿಂದ ಹುಳುವಿನ ಹಾಗೆ ಕಟ್ಟಿದ ಗಾಳವನ್ನು ಬೀಸಿ ಬೀಸಿ ಎಸೆಯುತ್ತಿದ್ದರು. ನಾವು ನೋಡುತ್ತಿದ್ದಂತೆ ಒಂದು ಮೀನು ಕಚ್ಚಿತು. ಅವರು ಅದನ್ನು ಚಿಕ್ಕ ಬಲೆಯಲ್ಲಿ ಎತ್ತಿಕೊಂಡರು. ಮೀನನ್ನು ನೀರಿನಿಂದ ಪೂರ್ತಿ ಹೊರಗೆ ತರದೆ ಕೊಕ್ಕೆ ಬಿಡಿಸಿ, ತಲೆಯನ್ನು ಹರಿವಿನ ಕಡೆ ಮಾಡಿ ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಟ್ಟುಬಿಟ್ಟರು. ದುಡ್ಡು ಕೊಟ್ಟು ಹಕ್ಕು ಪಡೆಯುವುದು, ಅಷ್ಟು ನಾಜೂಕಾಗಿ ಹಿಡಿಯುವುದು, ಆಮೇಲೆ ವಾಪಸ್ಸು ಬಿಡುವುದು. ಮೂರನ್ನೂ ಒಟ್ಟಿಗೆ ನೋಡಿ ಗೆಳೆಯ ಮಾತಾಡದೆ ಬಹಳ ಹೊತ್ತು ನಿಂತ.

ಅವನ ಪ್ರಶ್ನೆಗೆ ಇಂಗ್ಲಿಷ್ ಕಾನೂನು ಕೊಡುವ ಉತ್ತರ ವಿಚಿತ್ರವಾಗಿದೆ. ಹರಿಯುವ ನೀರಿಗೆ ಯಜಮಾನನಿಲ್ಲ. ನೀರಿನಲ್ಲಿರುವ ಮೀನಿಗೂ ಇಲ್ಲ. ಯಜಮಾನನಿರುವುದು ಮೀನು ಹಿಡಿಯುವ ಹಕ್ಕಿಗೆ. ಸಮುದ್ರದ ಉಬ್ಬರವಿಳಿತ ತಲುಪುವಷ್ಟು ದೂರದವರೆಗೆ ನದಿಯಲ್ಲಿ ಸಾರ್ವಜನಿಕರು ಮೀನು ಹಿಡಿಯಬಹುದು. ಅಲ್ಲಿಂದ ಮೇಲಕ್ಕೆ, ದಂಡೆಯ ಜಮೀನು ಯಾರದೋ ನದಿಯ ತಳ ನಡುಮಧ್ಯದವರೆಗೆ ಅವರದು, ಅಲ್ಲಿ ಗಾಳ ಹಾಕುವ ಹಕ್ಕೂ ಅವರದು. ಆ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ ಮಾರಬಹುದು, ಗುತ್ತಿಗೆಗೆ ಕೊಡಬಹುದು, ಮಕ್ಕಳಿಗೆ ಬರೆದಿಡಬಹುದು. ಒಂದೇ ಹೊಳೆಯ ಈ ದಂಡೆಯ ಹಕ್ಕು ಒಬ್ಬರದು, ಆಚೆ ದಂಡೆಯದು ಇನ್ನೊಬ್ಬರದು ಆಗಿರಬಹುದು.

ದೊರೆಗಳ ಮೀನು

ಡವ್ ನದಿಗೆ ಇಲ್ಲಿ ತೀರ್ಥಕ್ಷೇತ್ರದ ಮರ್ಯಾದೆ ಇದೆ. ಐಸಾಕ್ ವಾಲ್ಟನ್ ಮತ್ತು ಚಾರ್ಲ್ಸ್ ಕಾಟನ್ ಗಾಳ ಹಾಕಿದ ನೀರು ಇದು. ಸ್ಟಾಫರ್ಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ವ್ಯಾಪಾರ ಮಾಡಿದ ವಾಲ್ಟನ್ 1653ರಲ್ಲಿ ಗಾಳದ ಮೇಲೆ ಬರೆದ ಪುಸ್ತಕ ಇವತ್ತಿಗೂ ಅಚ್ಚಿನಲ್ಲಿದೆ. ಅವನಿಗಿಂತ ಮೂವತ್ತೇಳು ವರ್ಷ ಚಿಕ್ಕವನಾದ ಕಾಟನ್ ಇಲ್ಲಿಯ ಜಮೀನುದಾರ. ತಿಳಿನೀರಿನಲ್ಲಿ ಟ್ರೌಟ್ ಹಿಡಿಯುವ ಬಗೆಯನ್ನು ಬರೆದು 1676ರ ಆವೃತ್ತಿಗೆ ಸೇರಿಸಿದವನು ಅವನೇ. ಅದಕ್ಕೂ ಎರಡು ವರ್ಷ ಮೊದಲು, 1674ರಲ್ಲಿ, ಬೆರೆಸ್‌ಫರ್ಡ್ ಡೇಲ್‌ನಲ್ಲಿ ನದಿಯ ಪಕ್ಕ ಒಂದು ಪುಟ್ಟ ಕಲ್ಲುಮನೆ ಕಟ್ಟಿಸಿ, ಬಾಗಿಲ ಮೇಲೆ ತನ್ನ ಮತ್ತು ವಾಲ್ಟನ್ನನ ಹೆಸರಿನ ಮೊದಲಕ್ಷರಗಳನ್ನು ಹೆಣೆದು ಕೆತ್ತಿಸಿದ. ಇಬ್ಬರು ಗೆಳೆಯರ ನೆನಪಿಗೆ ಇದಕ್ಕಿಂತ ಚಂದದ ಕಟ್ಟಡ ನಾನು ಕಂಡಿಲ್ಲ. ಅದೂ ಖಾಸಗಿ ಜಮೀನಿನಲ್ಲಿದೆ. ಕಾಟನ್ ಸಾಲದಲ್ಲಿ ಮುಳುಗಿ 1681ರಲ್ಲಿ ಆ ಆಸ್ತಿಯನ್ನೇ ಮಾರಬೇಕಾಯಿತು.

ಈ ಚಂದದ ಪಕ್ಕದಲ್ಲೇ ಇನ್ನೊಂದು ಚರಿತ್ರೆ ಇದೆ. 1723ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ತಂದಿತು. ಮುಖಕ್ಕೆ ಮಸಿ ಬಳಿದುಕೊಂಡು, ಆಯುಧ ಹಿಡಿದು, ದೊರೆಗಳ ಕಾಡಿಗೆ ನುಗ್ಗಿ ಜಿಂಕೆ ಕದ್ದವರಿಗೆ ಮರಣದಂಡನೆ; ಮೀನು ಕದ್ದವರಿಗೂ, ಮೀನುಕೊಳದ ಏರಿ ಒಡೆದವರಿಗೂ ಅದೇ ಶಿಕ್ಷೆ. ಕಾಲ ಕಳೆದಂತೆ ಶಿಕ್ಷೆ ಇಳಿಯಿತು, ಹಕ್ಕು ಸಡಿಲವಾಗಲಿಲ್ಲ. 1861ರ ಕಳ್ಳತನದ ಕಾಯ್ದೆಯಲ್ಲಿ ಹಗಲು ಹೊತ್ತು ಗಾಳ ಹಾಕಿ ಮೀನು ಕದ್ದರೆ ಒಂದು ಶಿಕ್ಷೆ, ಬೇರೆ ವಿಧಾನದಲ್ಲಿ ಕದ್ದರೆ ಅದಕ್ಕಿಂತ ಹೆಚ್ಚಿನ ಶಿಕ್ಷೆ. ಕಳ್ಳನಾದರೂ ಕೋಲು ಹಿಡಿದವನು ಸಭ್ಯ, ಬಲೆ ಹಿಡಿದವನು ನೀಚ ಎಂಬ ಲೆಕ್ಕ. ಹಳ್ಳಿಯ ಬಡವರಲ್ಲಿ ಅನೇಕರಿಗೆ ಕೋಲೂ ಬೇಕಿರಲಿಲ್ಲ, ಬಲೆಯೂ ಬೇಕಿರಲಿಲ್ಲ. ದಂಡೆಯ ಮೇಲೆ ಬೋರಲು ಮಲಗಿ, ಪೊಟರೆಯೊಳಗೆ ಕೈಯಿಳಿಸಿ, ಟ್ರೌಟಿನ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಸವರುತ್ತಾ ಕಿವಿರಿನವರೆಗೆ ಬಂದು, ಗಪ್ಪನೆ ಹಿಡಿದು ಎಸೆಯುತ್ತಿದ್ದರು. ಮನೆಯಲ್ಲಿ ಹಸಿದ ಮಕ್ಕಳಿದ್ದವರು ಆ ಕೆಲಸ ಮಾಡಿ ಸಿಕ್ಕಿಬಿದ್ದು ದಂಡ ತೆತ್ತರು, ಜೈಲಿಗೂ ಹೋದರು. ಹಲಗೆ ಕಂಡಾಗ ನನಗೆ ಸಿಟ್ಟು ಬರುವುದು ಇವರ ನೆನಪಿನಿಂದ.

ಶೆಫೀಲ್ಡಿನ ಚಾಕು ಕೆಲಸದವರು

ಟ್ರೌಟ್ ಮತ್ತು ಸಾಲ್ಮನ್ ದೊರೆಗಳ ಮೀನಾದವು. ಕಾರ್ಖಾನೆಯ ಊರುಗಳ ಕೆಲಸಗಾರರಿಗೆ ಉಳಿದದ್ದು ಬಯಲು ನದಿಗಳ ಮೀನುಗಳಾದ ರೋಚ್, ಬ್ರೀಮ್, ಬಾರ್ಬೆಲ್, ಪರ್ಚ್. ಶೆಫೀಲ್ಡಿನ ಚಾಕು ಸಾಣೆ ಹಿಡಿಯುವವರಿಗೂ ಉಕ್ಕಿನ ಕುಲುಮೆಯವರಿಗೂ ತಮ್ಮೂರಿನ ಡಾನ್ ನದಿ ಇತ್ತು, ಅದರೊಳಗೆ ಮೀನು ಬದುಕುವಂತಿರಲಿಲ್ಲ. ವಾರವಿಡೀ ಕಲ್ಲಿನ ಧೂಳು ಕುಡಿದವರು ರಜೆಯ ದಿನ ರೈಲು ಹತ್ತಿ ಲಿಂಕನ್‌ಶೈರಿನ ವಿದಮ್ ನದಿಯವರೆಗೆ ಹೋಗುತ್ತಿದ್ದರು. ಪ್ರತಿ ಪಬ್ಬಿಗೂ ಒಂದು ಗಾಳದ ಸಂಘ ಹುಟ್ಟಿಕೊಂಡಿತು. ವಾರವಾರ ಚಿಲ್ಲರೆ ಕಾಸಿನ ವಂತಿಗೆ, ವರ್ಷಕ್ಕೊಂದು ಪಂದ್ಯ.

ನನಗೆ ತುಂಬ ಮುಖ್ಯವೆನಿಸುವ ಸಂಗತಿ, ಈ ಕೆಲಸಗಾರರು ತಮ್ಮ ಮೇಲೆ ತಾವೇ ಕಟ್ಟುಪಾಡು ಕೇಳಿಕೊಂಡದ್ದು. ಮೊಟ್ಟೆಯಿಡುವ ಕಾಲದಲ್ಲಿ ಸಾಲ್ಮನ್ನಿಗೆ ಕಾನೂನಿನ ರಕ್ಷಣೆ ಇತ್ತು, ಅವರ ಮೀನಿಗೆ ಇರಲಿಲ್ಲ. ಶೆಫೀಲ್ಡಿನ ಸಂಘಗಳು ತಮ್ಮ ಊರಿನ ಸಂಸದ ಎ. ಜೆ. ಮುಂಡೆಲ್ಲಾ ಅವರ ಬೆನ್ನುಹತ್ತಿದವು. ಮುಂದೆ, 1880ರಲ್ಲಿ, ಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಿದ ಕಾನೂನು ತಂದವರೂ ಇವರೇ. 1878ರ ಸಿಹಿನೀರು ಮೀನುಗಾರಿಕೆ ಕಾಯ್ದೆ ಬಂತು: ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಇಂಗ್ಲೆಂಡಿನ ನದಿಗಳಲ್ಲಿ ಆ ಬಿಡುವು ಇಂದಿಗೂ ಇದೆ. ಜೂನ್ 16ರ ಬೆಳಕು ಹರಿಯುವ ಮೊದಲೇ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತವರನ್ನು ನಾನು ಟ್ರೆಂಟ್ ನದಿಯ ಪಕ್ಕ ನೋಡಿದ್ದೇನೆ. ಓದು ಬರಹ ಅಷ್ಟಕ್ಕಷ್ಟೇ ಎನ್ನುವಂಥ ಜನ ಒಟ್ಟಾಗಿ ಕೂತು, ಮೀನಿನ ಬಸಿರಿನ ತಿಂಗಳುಗಳನ್ನು ಲೆಕ್ಕ ಹಾಕಿ, ತಮ್ಮ ಒಂದೇ ಒಂದು ಸಂತೋಷವನ್ನು ಮೂರು ತಿಂಗಳು ಬಿಟ್ಟುಕೊಡಲು ಒಪ್ಪಿದರು. ಪರಿಸರ ಚರಿತ್ರೆ ಬರೆಯುವವರು ಇವರಿಗೆ ಕೊಟ್ಟಿರುವ ಜಾಗ ತೀರಾ ಕಡಿಮೆ.

ಡರ್ಬಿಯ ಕೆಳಗಿನ ಡರ್ವೆಂಟ್

ಕೊಳೆಯ ವಿಷಯಕ್ಕೆ ಬಂದರೆ 1876ರಲ್ಲೇ ನದಿ ಮಾಲಿನ್ಯ ತಡೆ ಕಾಯ್ದೆ ಆಗಿತ್ತು. ಹೆಸರಿಗೆ ಮಾತ್ರ. ಕಾರ್ಖಾನೆಯ ಮೇಲೆ ಕ್ರಮ ಕೈಗೊಳ್ಳಬೇಕಾದರೆ ಲಂಡನ್ನಿನ ಮಂಡಳಿಯ ಅನುಮತಿ ಬೇಕು. ಕ್ರಮ ಕೈಗೊಳ್ಳಬೇಕಾದ ಸ್ಥಳೀಯ ಸಂಸ್ಥೆಯೇ ಎಷ್ಟೋ ಕಡೆ ಊರಿನ ಕೊಳಚೆಯನ್ನು ನದಿಗೆ ಬಿಡುತ್ತಿತ್ತು. ತನ್ನ ಮೇಲೆ ತಾನೇ ಕೇಸು ಹಾಕಿಕೊಳ್ಳುವವರು ಯಾರು? ಹಾಗಾಗಿ ಮುಕ್ಕಾಲು ಶತಮಾನ ಕಾಯ್ದೆ ಪುಸ್ತಕದಲ್ಲಿತ್ತು, ಕೊಳೆ ಹೊಳೆಯಲ್ಲಿತ್ತು.

ಡರ್ಬಿಯ ಡರ್ವೆಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾರ್ಖಾನೆ ಎಂಬುದೇ ಹುಟ್ಟಿದ ನದಿ ಇದು ಎಂದರೂ ತಪ್ಪಿಲ್ಲ. ಲೋಂಬ್ ಸಹೋದರರ ರೇಷ್ಮೆ ಗಿರಣಿ, ಕ್ರಾಮ್‌ಫರ್ಡಿನಲ್ಲಿ ಆರ್ಕ್‌ರೈಟನ 1771ರ ಹತ್ತಿ ಗಿರಣಿ ಎರಡೂ ಇದೇ ನದಿಯ ಕಣಿವೆಯಲ್ಲಿ ಎದ್ದವು. ಮೇಲ್ಭಾಗದಲ್ಲಿ ಇವತ್ತಿಗೂ ಟ್ರೌಟ್ ಇವೆ. ರೌಸ್ಲಿ ಬಳಿ ಬಂದು ಸೇರುವ ವೈ ಎಂಬ ಉಪನದಿಯಲ್ಲಂತೂ ಅಮೆರಿಕದಿಂದ ತಂದ ರೇನ್‌ಬೋ ಟ್ರೌಟ್ ಕೂಡ ತಾನಾಗಿಯೇ ಮರಿ ಮಾಡುತ್ತದೆ, ಬ್ರಿಟನ್ನಿನಲ್ಲಿ ಅದು ಬಲು ಅಪರೂಪ. ಡರ್ಬಿ ದಾಟಿದ ಮೇಲೆ ಕಥೆ ಬೇರೆ. ಊರಿನ ಕೆಳಗೆ ಸ್ಪಾಂಡನ್ ಎಂಬಲ್ಲಿ ಮೂರು ಕಡೆಯಿಂದ ನದಿಗೆ ಏಟು ಬೀಳುತ್ತಿತ್ತು. ಬ್ರಿಟಿಷ್ ಸೆಲನೀಸ್ ಕಂಪನಿಯ ಕೃತಕ ರೇಷ್ಮೆ ಕಾರ್ಖಾನೆಯ ತ್ಯಾಜ್ಯ, ಡರ್ಬಿ ನಗರಪಾಲಿಕೆಯ ಅರೆಬರೆ ಶುದ್ಧಿಯಾದ ಕೊಳಚೆ, ವಿದ್ಯುತ್ ಸ್ಥಾವರದ ಬಿಸಿನೀರು. ಈ ಮೂರು ಕೂಡಿದರೆ ಏನಾಗುತ್ತದೆಂದು ಹೇಳಲು ದೊಡ್ಡ ವಿಜ್ಞಾನ ಬೇಡ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಮುಗಿಸುತ್ತವೆ. ಮೀನು ಉಸಿರುಗಟ್ಟುತ್ತದೆ.

ಆ ಭಾಗದಲ್ಲಿ ನಡೆಯಲು ಹೋದಾಗ ಬಾರೋವಾಶ್ ಊರಿನ ಅಡ್ಡಗಟ್ಟೆಯ ಬಳಿ ಒಬ್ಬ ವೃದ್ಧರು ಸಿಕ್ಕಿದ್ದರು. ಮಡಚುವ ಕುರ್ಚಿ, ಥರ್ಮಾಸ್, ಎರೆಹುಳುವಿನ ಡಬ್ಬಿ ಇಟ್ಟುಕೊಂಡು ಬಾರ್ಬೆಲ್‌ಗೆ ಕಾಯುತ್ತಿದ್ದರು. ಪಕ್ಕದ ಕಲ್ಲಿನ ಮೇಲೆ ಕೂರಲೇ ಎಂದು ಕೇಳಿದೆ, ಚಹಾ ಸುರಿದು ಕೊಟ್ಟರು. ಅವರ ತಂದೆ ಸೆಲನೀಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರಂತೆ, ಗಾಳದ ಸಂಘದ ಸದಸ್ಯರೂ ಆಗಿದ್ದರಂತೆ. ಚಳಿಗಾಲದ ಬೆಳಿಗ್ಗೆ ನದಿಯ ಮೇಲೆ ಹಬೆ ಏಳುತ್ತಿದ್ದದ್ದನ್ನೂ ಊರಿಡೀ ಹರಡಿರುತ್ತಿದ್ದ ವಿನಿಗರಿನ ಹುಳಿ ವಾಸನೆಯನ್ನೂ ಹೇಳಿದರು. ಸಂಬಳ ಕೊಡುವ ಕಂಪನಿಯ ಮೇಲೆ ಗಾಳದವರು ಕೇಸು ಹಾಕಿದಾಗ ಮನೆಯಲ್ಲಿ ಏನು ಮಾತಾಯಿತು ಎಂದು ಕೇಳಿದೆ. ಅಪ್ಪ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ವಂತಿಗೆಯನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ ಎಂದರು. ಅಷ್ಟು ಹೇಳಿ ಕೋಲಿನ ತುದಿಯನ್ನೇ ನೋಡುತ್ತಾ ಕೂತರು. ಆ ತಂದೆಯ ಬಗ್ಗೆ ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸಂಬಳವೂ ಅಲ್ಲಿಂದಲೇ, ವಂತಿಗೆಯೂ ಅದೇ ಸಂಬಳದಿಂದಲೇ.

ಕೇಸು ಹಾಕಿದ್ದು ಪ್ರೈಡ್ ಆಫ್ ಡರ್ಬಿ ಎಂಬ ಗಾಳದ ಸಂಘ. ಅವರಿಗೆ ಬೆನ್ನೆಲುಬಾಗಿ ನಿಂತದ್ದು 1948ರಲ್ಲಿ ಜಾನ್ ಈಸ್ಟ್‌ವುಡ್ ಎಂಬ ಹಿರಿಯ ವಕೀಲರು ಕಟ್ಟಿದ ಗಾಳದವರ ಸಹಕಾರ ಸಂಸ್ಥೆ. ಈಸ್ಟ್‌ವುಡ್ ಅವರ ಯೋಚನೆ ಸರಳವಾಗಿತ್ತು. ಮಾಲಿನ್ಯದ ಕಾಯ್ದೆಗಳನ್ನು ನಂಬಿ ಕೂರುವುದು ಬೇಡ, ಆಸ್ತಿಯ ಹಳೆಯ ಕಾನೂನಿನಲ್ಲೇ ಆಯುಧವಿದೆ. ಮೀನು ಹಿಡಿಯುವ ಹಕ್ಕು ಆಸ್ತಿಯಾದರೆ ಅದನ್ನು ಹಾಳು ಮಾಡಿದವರ ಮೇಲೆ ದಾವೆ ಹೂಡಬಹುದು. 1897ರಲ್ಲೇ ಒಂದು ತೀರ್ಪು ಬಂದಿತ್ತು: ರೈಲು ಮಾರ್ಗದ ಗುತ್ತಿಗೆದಾರನೊಬ್ಬ ಹೊಳೆಗೆ ಕೆಸರು ನೀರು ಬಿಟ್ಟಾಗ, ಜಮೀನಿಲ್ಲದಿದ್ದರೂ ಮೀನಿನ ಹಕ್ಕು ಮಾತ್ರ ಪಡೆದಿದ್ದವರು ದಾವೆ ಹೂಡಿ ಗೆದ್ದಿದ್ದರು. ಬಡ ಸಂಘಕ್ಕೆ ಕೋರ್ಟಿನ ಖರ್ಚು ತಡೆಯದು, ಆದ್ದರಿಂದ ದೇಶದ ಗಾಳದವರೆಲ್ಲ ಸ್ವಲ್ಪ ಸ್ವಲ್ಪ ಹಾಕಿ ಆ ಖರ್ಚನ್ನು ಹೊರುವುದು.

ಡರ್ಬಿಯ ದಾವೆಯಲ್ಲಿ ಸಂಘದ ಜೊತೆಗೆ ಇನ್ನೊಬ್ಬ ವಾದಿ ಇದ್ದರು, ದಂಡೆಯ ಜಮೀನಿನ ಒಡೆಯರಾದ ಹ್ಯಾರಿಂಗ್ಟನ್ನಿನ ಅರ್ಲ್. ಅರಮನೆಯ ದೊರೆಯೂ ಕೆಲಸಗಾರರ ಸಂಘವೂ ಒಂದೇ ಅರ್ಜಿಯಲ್ಲಿ. ಎದುರಿಗೆ ದೊಡ್ಡ ಕಂಪನಿ, ನಗರಪಾಲಿಕೆ, ರಾಷ್ಟ್ರೀಕರಣಗೊಂಡ ವಿದ್ಯುತ್ ಸಂಸ್ಥೆ. 1952ರಲ್ಲಿ ನ್ಯಾಯಮೂರ್ತಿ ಹಾರ್ಮನ್ ತಡೆಯಾಜ್ಞೆ ಕೊಟ್ಟರು, ವ್ಯವಸ್ಥೆ ಸರಿಪಡಿಸಿಕೊಳ್ಳಲು ಕಾಲಾವಕಾಶವನ್ನೂ ಕೊಟ್ಟರು. ಮೇಲ್ಮನವಿ ಕೇಳಿದ ಮೂವರು ನ್ಯಾಯಮೂರ್ತಿಗಳಲ್ಲಿ ನಮ್ಮ ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಡೆನ್ನಿಂಗ್ ಕೂಡ ಇದ್ದರು. ನಗರಪಾಲಿಕೆಯ ವಾದ ಇದು: 1901ರ ಕಾಯ್ದೆಯಂತೆ ಕೊಳಚೆ ಘಟಕ ಕಟ್ಟಿದ್ದೇವೆ, ಕಟ್ಟಿದಾಗ ಅದು ಸಾಕಾಗಿತ್ತು, ಊರು ಬೆಳೆದರೆ ನಾವೇನು ಮಾಡಲು ಸಾಧ್ಯ? ಕೋರ್ಟು ಒಪ್ಪಲಿಲ್ಲ. ಅದೇ ಕಾಯ್ದೆಯಲ್ಲಿ ಯಾರಿಗೂ ಉಪದ್ರವ ಕೊಡಬಾರದೆಂದೂ ಬರೆದಿತ್ತು. ಬಿಸಿನೀರು ಕೂಡ ಮಾಲಿನ್ಯವೇ ಎಂಬುದು ಈ ಮೊಕದ್ದಮೆಯಿಂದ ಗಟ್ಟಿಯಾಯಿತು.

ಈ ಬಿಸಿನೀರಿನ ಮಾತು ಬಂದಾಗ ನಮ್ಮ ಕಡೆಯದೊಂದು ನೆನಪಾಗುತ್ತದೆ. ಅದೇ ಇಂಗ್ಲಿಷ್ ಸಿದ್ಧಾಂತ 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ನಮಗೂ ಬಂದಿದೆ. ತನ್ನ ಜಮೀನಿನ ಮೂಲಕ ಹರಿಯುವ ಹೊಳೆಯ ನೀರಿನ ಪ್ರಮಾಣ, ದಿಕ್ಕು, ರಭಸ, ಉಷ್ಣತೆ ಯಾವುದನ್ನೂ ಬೇರೆಯವರು ಗಣನೀಯವಾಗಿ ಬದಲಿಸಬಾರದು ಎಂದು ಏಳನೆಯ ಕಲಮಿನ ಉದಾಹರಣೆಯೊಂದು ಹೇಳುತ್ತದೆ. ಉಷ್ಣತೆ ಎಂಬ ಮಾತು ಅಲ್ಲಿ ಅಷ್ಟು ಹಿಂದೆಯೇ ಇದೆ. ಗಾಳದವರ ಕಾಳಜಿಯೂ ನಮ್ಮಲ್ಲಿಗೆ ಬಂದಿತ್ತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್, ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ 1870ರಲ್ಲಿ ವರದಿ ಬರೆದವರು. ಗಾಳದ ಮೇಲೆ ಅವರು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಹೊಳೆಗೆ ಡೈನಮೈಟ್ ಎಸೆಯುವುದನ್ನೂ ವಿಷ ಹಾಕುವುದನ್ನೂ ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು. ಮೀನು ಹಿಡಿಯುವ ಹಕ್ಕನ್ನು ಆಸ್ತಿಯಾಗಿ ಹಿಡಿದುಕೊಂಡು ಕಾರ್ಖಾನೆಯನ್ನು ಕೋರ್ಟಿಗೆಳೆಯುವ ಸಂಘಗಳು ಮಾತ್ರ ಜೊತೆಯಲ್ಲಿ ಬರಲಿಲ್ಲ.

ಹಕ್ಕು ಇಲ್ಲದವರು

ಹೀಗೆ, ಬಡವರನ್ನು ಹೊಳೆಯಿಂದ ದೂರ ಇಡಲು ಬಳಕೆಯಾದ ಹಕ್ಕನ್ನೇ ಬಡವರ ಸಂಘಗಳು ಗುತ್ತಿಗೆಗೆ ಪಡೆದು, ಅದೇ ಹಕ್ಕಿನಿಂದ ಹೊಳೆಯನ್ನು ಕಾದವು. ನನಗೆ ಗೊತ್ತಿರುವ ಮಟ್ಟಿಗೆ ಇಂಗ್ಲೆಂಡಿನ ಸ್ಥಳೀಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಅಪರೂಪ. ಇದನ್ನು ನಾನು ಮನಸಾರೆ ಗೌರವಿಸುತ್ತೇನೆ. ಅದರ ಕೊರತೆಯೂ ಕಾಣುತ್ತದೆ. ಹೊಳೆಯಲ್ಲಿ ಈಜುವ ಹುಡುಗರಿಗೆ, ದಂಡೆಯಲ್ಲಿ ನಡೆಯುವ ನನ್ನಂಥವರಿಗೆ, ನೀರು ಮುಟ್ಟಿ ಕಾಯಿಲೆ ಬಿದ್ದವರಿಗೆ ಅಂಥ ಆಸ್ತಿ ಇಲ್ಲ. ಯಾರ ಗುತ್ತಿಗೆಯೂ ಇಲ್ಲದ, ದೊಡ್ಡ ಮೀನೂ ಇಲ್ಲದ ಊರೊಳಗಿನ ಸಣ್ಣ ತೋಡುಗಳಿಗೆ ಕೋರ್ಟಿನಲ್ಲಿ ದನಿ ಕೊಡುವವರು ಯಾರು?

ಇದು ಹಳೆಯ ಕಥೆ ಎಂದು ಬಿಡುವ ಹಾಗಿಲ್ಲ. 2023ರ ಒಂದೇ ವರ್ಷದಲ್ಲಿ ಇಂಗ್ಲೆಂಡಿನ ತುಂಬಿ ಹರಿಯುವ ಕೊಳಚೆ ಕೊಳವೆಗಳಿಂದ ನದಿಗೂ ಸಮುದ್ರಕ್ಕೂ ಶುದ್ಧಿಯಾಗದ ನೀರು ಬಿಟ್ಟ ಒಟ್ಟು ಅವಧಿ 36 ಲಕ್ಷ ಗಂಟೆ. ಕೊಳಚೆ ಕಂಪನಿಗಳ ಮೇಲೆ ಖಾಸಗಿ ದಾವೆ ಹೂಡಬಹುದೇ ಎಂಬುದೇ ಹಲವು ವರ್ಷ ಅನುಮಾನದಲ್ಲಿತ್ತು. 2024ರ ಜುಲೈಯಲ್ಲಿ, ಮ್ಯಾಂಚೆಸ್ಟರ್ ಹಡಗು ಕಾಲುವೆಯ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಹೂಡಬಹುದು ಎಂದಿತು. ಡರ್ಬಿಯ ಗಾಳದವರ ತೀರ್ಪು ಎಪ್ಪತ್ತು ವರ್ಷದ ಮೇಲೆ ಆ ತೀರ್ಪಿನಲ್ಲಿ ಮತ್ತೆ ಚರ್ಚೆಗೆ ಬಂತು. ಉತ್ತರ ಯಾರ್ಕ್‌ಶೈರಿನ ಕೋಸ್ಟಾ ಬೆಕ್ ಎಂಬ ಚಿಕ್ಕ ಟ್ರೌಟ್ ಹೊಳೆಗಾಗಿ ಪಿಕರಿಂಗ್ ಊರಿನ ಮೀನುಗಾರಿಕೆ ಸಂಘ ಸರ್ಕಾರದ ಮೇಲೆಯೇ ಕೋರ್ಟಿಗೆ ಹೋಯಿತು. ಆ ಹೊಳೆಯನ್ನು ಸರಿಪಡಿಸಲು ನಿರ್ದಿಷ್ಟ ಯೋಜನೆಯನ್ನೇ ಮಾಡಿಲ್ಲ ಎಂದು ವಾದಿಸಿ 2023ರಲ್ಲಿ ಗೆದ್ದಿತು, 2025ರ ಮೇಲ್ಮನವಿಯಲ್ಲೂ ಗೆದ್ದಿತು. ಈ ಸಲದ ವಾದ ಆಸ್ತಿ ಹಾಳಾಯಿತು ಎಂಬುದಲ್ಲ, ಸರ್ಕಾರ ತನ್ನ ಕರ್ತವ್ಯ ಮಾಡಿಲ್ಲ ಎಂಬುದು. ಆ ಬದಲಾವಣೆ ನನಗೆ ಆಸೆ ಹುಟ್ಟಿಸುತ್ತದೆ, ಏಕೆಂದರೆ ಅಂಥ ವಾದಕ್ಕೆ ನದಿಯ ತಳದ ಒಡೆತನ ಬೇಕಿಲ್ಲ.

ಈ ವರ್ಷ ನಾನೂ ಇಲ್ಲಿಯ ಒಂದು ಗಾಳದ ಸಂಘಕ್ಕೆ ಚಂದಾ ಕಟ್ಟಿದ್ದೇನೆ. ಗಾಳ ಹಾಕುವ ಮನಸ್ಸಿಲ್ಲ ಎಂದು ಮೊದಲೇ ಹೇಳಿದೆ. ಕಾರ್ಯದರ್ಶಿ ಅದಕ್ಕೇನೂ ಬೇಸರಿಸದೆ, ಹಾಗಾದರೆ ಹುಳು ಎಣಿಸುವವರ ಗುಂಪಿಗೆ ಸೇರಿ ಎಂದರು. 2007ರಿಂದ ದೇಶದಾದ್ಯಂತ ಗಾಳದವರು ಮಾಡುತ್ತಿರುವ ಕೆಲಸ ಇದು. ತಿಂಗಳಿಗೊಮ್ಮೆ ನೀರಿಗಿಳಿದು, ಮೂರು ನಿಮಿಷ ಕಾಲಿನಿಂದ ತಳದ ಜಲ್ಲಿ ಕದಡಿ, ತೇಲಿಬರುವುದನ್ನೆಲ್ಲ ಬಲೆಗೆ ಹಿಡಿದು, ಇನ್ನೊಂದು ನಿಮಿಷ ಕಲ್ಲುಗಳನ್ನು ಮಗುಚಿ ನೋಡಿ, ಎಲ್ಲವನ್ನೂ ಬಿಳಿ ತಟ್ಟೆಗೆ ಸುರಿದು ಎಣಿಸುತ್ತಾರೆ. ಮೇಫ್ಲೈ ಮರಿ, ಕ್ಯಾಡಿಸ್ ಮರಿ, ಸಿಹಿನೀರಿನ ಪುಟ್ಟ ಸಿಗಡಿ, ಹೀಗೆ ಎಂಟು ಗುಂಪು. ಆ ಹೊಳೆಗೆ ಗೊತ್ತುಮಾಡಿದ ಮಟ್ಟಕ್ಕಿಂತ ಎಣಿಕೆ ಇಳಿದರೆ ಮೇಲೆ ಎಲ್ಲೋ ಏನೋ ಬಿಟ್ಟಿದ್ದಾರೆ ಎಂದು ಅರ್ಥ, ಕೂಡಲೇ ಪರಿಸರ ಇಲಾಖೆಗೆ ತಿಳಿಸಬೇಕು. ಮೊದಲ ಸಲ ತಟ್ಟೆಯ ಮುಂದೆ ಕೂತಾಗ ಯಾವುದು ಮೇಫ್ಲೈ, ಯಾವುದು ಕಲ್ಲುಹುಳು ಎಂದು ನನಗೆ ಹೇಳಿಕೊಟ್ಟವರು ಒಬ್ಬ ನಿವೃತ್ತ ಬಸ್ ಚಾಲಕರು. ಬಾಲ ಎಣಿಸಿ ಎಂದರು. ಮೂರಿದ್ದರೆ ಮೇಫ್ಲೈ, ಎರಡಿದ್ದರೆ ಕಲ್ಲುಹುಳು. ಎಣಿಕೆಯನ್ನು ಅವರೇ ಹಾಳೆಯಲ್ಲಿ ಬರೆದರು, ದಿನಾಂಕ ಹಾಕಿದರು, ಕೆಳಗೆ ನನ್ನಿಂದಲೂ ಸಹಿ ಹಾಕಿಸಿಕೊಂಡರು.